ಬದುವಿನ ಬೇವಿನ ಗಿಡ, ನಮ್ಮ ಸಂಘದ ಆಸ್ತಿ

(ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದ ಮಹಿಳಾ ಸ್ವ-ಸಹಾಯ ಸಂಘಗಳ ಸಭೆಗಾಗಿ ಸಿದ್ಧಪಡಿಸಿದ ಭಾಷಣ)



ಉಳಿತಾಯ, ಸಾಲ, ಬಡ್ಡಿ, ಬ್ಯಾಂಕ್ ಲಿಂಕೇಜ್ ಬಗ್ಗೆ ನಾವು ಪ್ರತಿ ಸಭೆಯಲ್ಲೂ ಮಾತಾಡುತ್ತೇವೆ. ಇವತ್ತು ಒಂದು ಗಿಡದ ಬಗ್ಗೆ ಮಾತಾಡೋಣ. ಗಿಡಕ್ಕೂ ಸಂಘಕ್ಕೂ ಏನ್ ಸಂಬಂಧ ಅಂತ ಕೇಳಬ್ಯಾಡ್ರಿ. ನಿಮ್ಮ ಸಾಲದ ಪುಸ್ತಕ ತೆಗೆದು ನೋಡಿದರೆ, ಕೃಷಿ ಸಾಲದಲ್ಲಿ ಎಷ್ಟು ರೂಪಾಯಿ ತೊಗರಿಗೆ ಎಣ್ಣೆ ಹೊಡೆಯಲು ಹೋಗಿದೆ ಎಂಬುದು ಗೊತ್ತಾಗುತ್ತದೆ. ಆ ಖರ್ಚಿಗೂ, ನಾವು ಕಡಿದು ಮಾರುತ್ತಿರುವ ಬೇವಿನ ಗಿಡಕ್ಕೂ ನೇರ ಸಂಬಂಧ ಅದ. ಅದನ್ನೇ ಇವತ್ತು ಒಂದೊಂದಾಗಿ ತಿಳಿಯೋಣ.

ಗುಡ್ಡಗಾಡಿನ ಹೆಣ್ಣುಮಕ್ಕಳ ಗಿಡ

ಉತ್ತರಾಖಂಡದ ಹಿಮಾಲಯ ಗುಡ್ಡಗಳಲ್ಲಿ ಬಾಂಜ್ ಎಂಬ ಗಿಡ ಇದೆ. ಇದು ಓಕ್ ಜಾತಿಯ ಗಿಡ. ವರ್ಷಪೂರ್ತಿ ಹಸಿರಾಗಿರುತ್ತದೆ. ಅದರ ಎಲೆ ದನಕ್ಕೆ ಮೇವು, ಒಣಗಿದ ಕೊಂಬೆ ಒಲೆಗೆ ಸೌದೆ, ಉದುರಿದ ಎಲೆ ಹೊಲಕ್ಕೆ ಗೊಬ್ಬರ. ಆ ಎಲೆ ನೆಲದ ಮೇಲೆ ದಪ್ಪಗೆ ಹಾಸಿಕೊಂಡು ಮಳೆನೀರನ್ನು ಹಿಡಿದಿಡುತ್ತದೆ. ಬಾಂಜ್ ಕಾಡು ಇರುವಲ್ಲಿ ಬೇಸಿಗೆಯಲ್ಲೂ ಒರತೆ ಬತ್ತುವುದಿಲ್ಲ ಎಂದು ಅಲ್ಲಿಯ ಹೆಣ್ಣುಮಕ್ಕಳು ಹೇಳುತ್ತಾರೆ. ಬ್ರಿಟಿಷರ ಕಾಲದಿಂದ ಅರಣ್ಯ ಇಲಾಖೆಯವರು ಅಂಟು ಮತ್ತು ಕಟ್ಟಿಗೆಯ ಆದಾಯಕ್ಕಾಗಿ ಚೀಡ್ ಎಂಬ ಪೈನ್ ಗಿಡಕ್ಕೆ ಒತ್ತು ಕೊಟ್ಟರು. ಅದೂ ಹಸಿರೇ. ಆದರೆ ಅದರ ಸೂಜಿಯಂಥ ಎಲೆಯನ್ನು ದನ ತಿನ್ನುವುದಿಲ್ಲ, ಬೇಸಿಗೆಯಲ್ಲಿ ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ. ಹಸಿರು ಇದ್ದದ್ದೆಲ್ಲ ಒಂದೇ ಅಲ್ಲ ಎಂಬುದನ್ನು ಮೊದಲು ಅರಿತವರು ಹುಲ್ಲು-ಸೌದೆ-ನೀರು ಹೊರುವ ಹೆಣ್ಣುಮಕ್ಕಳೇ.

ಅದೇ ಸೀಮೆಯ ರೈಣಿ ಎಂಬ ಊರಿನಲ್ಲಿ 1974ರ ಮಾರ್ಚ್ 26ರಂದು ಗುತ್ತಿಗೆದಾರನ ಆಳುಗಳು ಕಾಡು ಕಡಿಯಲು ಬಂದರು. ಊರಿನ ಗಂಡಸರು ಬೇರೆ ಕೆಲಸಕ್ಕೆ ದೂರ ಹೋಗಿದ್ದರು. ಗೌರಾ ದೇವಿ ಎಂಬ ತಾಯಿ ಊರಿನ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ ಗಿಡಗಳಿಗೆ ಅಡ್ಡ ನಿಂತರು. ಕಡಿಯುವವರು ವಾಪಸ್ ಹೋಗಬೇಕಾಯಿತು. ಇದು ಚಿಪ್ಕೋ ಚಳವಳಿ. ಗೌರಾ ದೇವಿ ಅವರು ಶಾಲೆ ಕಲಿತವರಲ್ಲ. ಅವರು ಊರಿನ ಮಹಿಳಾ ಮಂಗಲ ದಳದ ಅಧ್ಯಕ್ಷೆ. ಅಂದರೆ ನಿಮ್ಮಂಥ ಒಂದು ಸಂಘದ ಅಧ್ಯಕ್ಷೆ! ಒಂಬತ್ತು ವರ್ಷದ ನಂತರ, 1983ರಲ್ಲಿ, ನಮ್ಮ ರಾಜ್ಯದ ಶಿರಸಿ ತಾಲೂಕಿನಲ್ಲೂ ಜನ ಹೀಗೆಯೇ ಗಿಡ ಅಪ್ಪಿಕೊಂಡರು. ಅದಕ್ಕೆ ಅಪ್ಪಿಕೋ ಎಂದು ಹೆಸರಾಯಿತು.

ಪವಿತ್ರ ಬೈಬಲಿನ ಆದಿಕಾಂಡದಲ್ಲೂ ಇಂಥ ಗಿಡದ ಮಾತಿದೆ. ಪಿತಾಮಹ ಅಬ್ರಹಾಮ ಡೇರೆ ಹಾಕಿದ್ದು ಮಮ್ರೆ ಎಂಬಲ್ಲಿಯ ಗಿಡಗಳ ಹತ್ತಿರ. ಹಲವು ಭಾಷಾಂತರಗಳು ಅದನ್ನು ಓಕ್ ಗಿಡ ಎನ್ನುತ್ತವೆ. ಬಿಸಿಲೇರಿದ ಹೊತ್ತಿನಲ್ಲಿ ಮೂವರು ಅತಿಥಿಗಳು ಬಂದಾಗ ಅವರನ್ನು ಗಿಡದ ಕೆಳಗೆ ಕೂಡಿಸಿ, ಕಾಲಿಗೆ ನೀರು ಕೊಟ್ಟು, ಸಾರಳು ಸುಟ್ಟ ರೊಟ್ಟಿ ಬಡಿಸಿದರು. ದೇವರ ಆಶೀರ್ವಾದದ ಮಾತು ಆ ನೆರಳಿನಲ್ಲೇ ಕೇಳಿಬಂತು. ನಮ್ಮ ಊರುಗಳಲ್ಲೂ ಹಂಗೇ ಅಲ್ಲೇನ್ರಿ? ಬಂದವರನ್ನು ಕೂಡಿಸುವುದು, ಪಂಚಾಯ್ತಿ ಮಾಡುವುದು, ಕೂಸಿಗೆ ಜೋಳಿಗೆ ಕಟ್ಟುವುದು ಎಲ್ಲಾ ಗಿಡದ ಕೆಳಗೇ.

ನಮ್ಮ ಸೀಮೆಗೆ ಬೇವು

ನಮ್ಮ ಕಡೆ ಓಕ್ ಬೆಳೆಯುವುದಿಲ್ಲ. ಅದರ ಕೆಲಸವನ್ನು ನಮ್ಮಲ್ಲಿ ಮಾಡುವುದು ಬೇವು. ಇದು ನಮ್ಮ ದೇಶದ್ದೇ ಗಿಡ. ನಮ್ಮ ಜಿಲ್ಲೆಯ ಬಿಸಿಲು ಎಂಥದ್ದು ಎಂದು ನಿಮಗೆ ಹೇಳುವುದು ಬೇಕಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ 42, 43 ಡಿಗ್ರಿ ದಾಟುತ್ತದೆ. ಶಹಾಬಾದ್, ವಾಡಿ, ಸೇಡಂ ಸುತ್ತ ನೆಲದ ಕೆಳಗೆ ಸುಣ್ಣದ ಕಲ್ಲು. ಅದೇ ಕಲ್ಲು ಫರಸಿಯಾಗಿ ಮನೆ ಮನೆಗೆ ಹೋಯಿತು, ಅದೇ ಕಲ್ಲಿನಿಂದ ಸಿಮೆಂಟ್ ಕಾರ್ಖಾನೆಗಳು ಬಂದವು. ಮಣ್ಣು ತೆಳುವಾಗಿರುವ ಇಂಥ ಸುಣ್ಣದ ನೆಲದಲ್ಲಿ ಬಹಳ ಗಿಡಗಳು ಸೊರಗುತ್ತವೆ. ಬೇವು ಮಾತ್ರ ಕಲ್ಲಿನ ಸಂದಿಯಲ್ಲೂ ಬೇರು ಇಳಿಸಿ ನಿಲ್ಲುತ್ತದೆ. ನೀರು ನಿಲ್ಲುವ ಜಾಗ ಮಾತ್ರ ಅದಕ್ಕೆ ಆಗುವುದಿಲ್ಲ. ಅದಕ್ಕೇ ಎರೆ ಹೊಲದ ನಡುವೆ ಅಲ್ಲ, ಬದುವಿನ ಮೇಲೆ ಅದು ಚೆನ್ನಾಗಿ ಬರುತ್ತದೆ.

ಇನ್ನೊಂದು ವಿಷಯ ಗಮನಿಸಿರಿ. ಫೆಬ್ರುವರಿ-ಮಾರ್ಚಿನಲ್ಲಿ ಬೇವು ಹಳೆ ಎಲೆ ಉದುರಿಸಿ ಅದರ ಹಿಂದೆಯೇ ಹೊಸ ಚಿಗುರು ಬಿಡುತ್ತದೆ. ಬಹಳ ದಿನ ಬೋಳಾಗಿ ನಿಲ್ಲುವುದಿಲ್ಲ. ಚಿಂಚೋಳಿ ಕಾಡಿನ ಎಷ್ಟೋ ಗಿಡಗಳು ಬೇಸಿಗೆಯಲ್ಲಿ ಎಲೆ ಕಳೆದುಕೊಂಡು ನಿಂತಿರುವಾಗ ಬೇವು ಹಸಿರಾಗಿ ಹೂ ಬಿಟ್ಟಿರುತ್ತದೆ. ಯುಗಾದಿಯ ಬೇವು-ಬೆಲ್ಲಕ್ಕೆ ಆ ಹೂವೇ ಬೇಕು. ನೆರಳು ಅತಿ ಹೆಚ್ಚು ಬೇಕಾದ ತಿಂಗಳಿನಲ್ಲೇ ನೆರಳು ಕೊಡುವ ಗಿಡ ಇದು. ಕಲ್ಲಿನ ಖಣಿಯಲ್ಲಿ, ರಸ್ತೆ ಕೆಲಸದಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಅದು ಜೀವ ಉಳಿಸುವ ಮಾತು.

ಒಂದು ಗಿಡದಲ್ಲಿ ಎಷ್ಟು ಜೀವ

ಬೇವು ಕಹಿ, ಅದನ್ನು ಯಾವ ಪ್ರಾಣಿ ತಿಂದೀತು ಎಂದು ಅನ್ನಿಸುತ್ತದೆ. ಆದರೆ ಹಣ್ಣಿನ ತಿರುಳು ಸಿಹಿ. ಜೂನ್-ಜುಲೈನಲ್ಲಿ ಹಣ್ಣಾದಾಗ ಗೊರವಂಕ, ಕೋಗಿಲೆ, ಪಿಕಳಾರ, ಗಿಳಿ, ಕಾಗೆ ಎಲ್ಲಾ ಬರುತ್ತವೆ. ರಾತ್ರಿ ಬಾವಲಿ ಬರುತ್ತದೆ. ಅವು ತಿರುಳು ತಿಂದು ಬೀಜವನ್ನು ದೂರ ಉಗುಳುತ್ತವೆ. ನಿಮ್ಮ ಬದುವಿನ ಮೇಲೆ ಯಾರೂ ಹಚ್ಚದೇ ಬಂದ ಬೇವು ಇದ್ದರೆ ಅದು ಹಕ್ಕಿ ಅಥವಾ ಬಾವಲಿ ಹಚ್ಚಿದ್ದು. ಹೂವಿಗೆ ಜೇನು ಬರುತ್ತದೆ. ಹಳೇ ಗಿಡದ ಪೊಟರೆಯಲ್ಲಿ ಗಿಳಿ ಮತ್ತು ಸಣ್ಣ ಗೂಬೆ ಗೂಡು ಮಾಡುತ್ತವೆ. ಗೂಬೆಯನ್ನು ಅಪಶಕುನ ಅಂತ ಓಡಿಸಬ್ಯಾಡ್ರಿ. ಅದು ಹೊಲದ ಇಲಿ ಹಿಡಿಯುವ ಜೀತವಿಲ್ಲದ ಆಳು. ಕೊಂಬೆ ಮೇಲೆ ಕೂಡುವ ಕಾಜಾಣ ಹಕ್ಕಿ ತೊಗರಿ ಮೇಲೆ ಹಾರುವ ಪತಂಗವನ್ನು, ಹುಳವನ್ನು ಹಿಡಿದು ತಿನ್ನುತ್ತದೆ. ಬದುವಿನ ಗಿಡ ಕಡಿದರೆ ಹಕ್ಕಿಗೆ ಕೂಡಲು ಜಾಗ ಇಲ್ಲ. ಹಕ್ಕಿ ಇಲ್ಲದಿದ್ದರೆ ಹುಳಕ್ಕೆ ಹಬ್ಬ.

ಬೇರು ಆಳಕ್ಕೆ ಹೋಗಿ ಬದುವಿನ ಮಣ್ಣು ಹಿಡಿಯುತ್ತದೆ. ಉದುರಿದ ಎಲೆ ಕೊಳೆತು ಗೊಬ್ಬರವಾಗುತ್ತದೆ. ಕಾರ್ಖಾನೆ ಮತ್ತು ಖಣಿಯ ಹತ್ತಿರದ ಊರುಗಳಲ್ಲಿ ಬೇವಿನ ಎಲೆ ಮೇಲೆ ಬಿಳಿ ದೂಳು ಕೂತಿರುವುದನ್ನು ನೀವು ನೋಡಿದ್ದೀರಿ. ಎಲೆ ಹಿಡಿದ ಅಷ್ಟು ದೂಳು ನಮ್ಮ ಮಕ್ಕಳ ಎದೆಗೆ ಹೋಗಲಿಲ್ಲ ಎಂದು ತಿಳಿಯಿರಿ. ಗಿಡ ಇದ್ದರೆ ದೂಳಿನ ತೊಂದರೆ ಪೂರ್ತಿ ಹೋಗುವುದಿಲ್ಲ, ದೂಳು ತಡೆಯುವುದು ಕಾರ್ಖಾನೆಯವರ ಜವಾಬ್ದಾರಿಯೇ. ಆದರೂ ಗಿಡ ಇರುವ ಓಣಿಗೂ ಇಲ್ಲದ ಓಣಿಗೂ ವ್ಯತ್ಯಾಸ ಅದ.

ತೊಗರಿ, ಹುಳ ಮತ್ತು ಸಾಲ

ನಮ್ಮ ಜಿಲ್ಲೆ ತೊಗರಿಯ ಕಣಜ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಈ ತೊಗರಿಯ ದೊಡ್ಡ ವೈರಿ ಕಾಯಿ ಕೊರೆಯುವ ಹಸಿರು ಹುಳ. 1997-98ರಲ್ಲಿ ಈ ಹುಳದ ಕಾಟ ಮತ್ತು ಮಳೆಯ ಏರುಪೇರಿನಿಂದ ತೊಗರಿ ಹಾಳಾಗಿ ನಮ್ಮ ಸೀಮೆಯ ಎಷ್ಟೋ ಮನೆಗಳು ಸಾಲದಲ್ಲಿ ಮುಳುಗಿದವು. ಹಿರಿಯರಿಗೆ ಆ ವರ್ಷ ಇನ್ನೂ ನೆನಪಿದೆ. ಎಷ್ಟು ಎಣ್ಣೆ ಹೊಡೆದರೂ ಹುಳ ಸಾಯಲಿಲ್ಲ. ಯಾಕೆಂದರೆ ಒಂದೇ ತರಹದ ವಿಷವನ್ನು ಮೇಲಿಂದ ಮೇಲೆ ಹೊಡೆದರೆ ಹುಳ ಅದಕ್ಕೆ ಒಗ್ಗಿಬಿಡುತ್ತದೆ. ಜೊತೆಗೆ ಹುಳ ತಿನ್ನುವ ಜೇಡ, ಕಣಜದ ಹುಳು, ಹಕ್ಕಿ ಎಲ್ಲಾ ಸಾಯುತ್ತವೆ. ಆಗ ರೈತರು ಹಳೇ ಪದ್ಧತಿಗೆ ಮರಳಿದರು. ಗಿಡದ ಕೆಳಗೆ ತಾಡಪತ್ರಿ ಹಿಡಿದು ತೊಗರಿ ಗಿಡ ಅಲ್ಲಾಡಿಸಿ, ಬಿದ್ದ ಹುಳ ಆರಿಸಿ ಕೋಳಿಗೆ ಹಾಕಿದರು.

ಎಣ್ಣೆ ಹೊಡೆಯುವಾಗ ನೀರು ಹೊತ್ತು ತರುವವರು ಯಾರು? ಹೆಣ್ಣುಮಕ್ಕಳು. ಆ ಬಟ್ಟೆ ಒಗೆಯುವವರು ಯಾರು? ಅವರೇ. ಎರಡು ದಿನ ಬಿಟ್ಟು ಅದೇ ಹೊಲದಲ್ಲಿ ಕಸ ತೆಗೆಯುವವರೂ ಅವರೇ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳಲ್ಲಿ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ ಎಂಡೋಸಲ್ಫಾನ್‌ನಿಂದ ಅಲ್ಲಿಯ ಎಷ್ಟೋ ಮಕ್ಕಳು ಅಂಗವಿಕಲರಾದ ಸಂಗತಿ ನಾಡಿಗೆಲ್ಲ ಗೊತ್ತು. ಅದನ್ನು 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು. ಆದರೆ ಬೇರೆ ಹೆಸರಿನ ಡಬ್ಬಿಗಳು ಅಂಗಡಿಯಲ್ಲಿ ಇದ್ದೇ ಇವೆ.

ಇಲ್ಲಿ ಬೇವು ನಮ್ಮ ಕೈ ಹಿಡಿಯುತ್ತದೆ. ಬೇವಿನ ಬೀಜದಲ್ಲಿ ಅಜಾಡಿರಾಕ್ಟಿನ್ ಎಂಬ ಕಹಿ ಅಂಶ ಇದೆ. ಅದು ಹುಳವನ್ನು ಕೂಡಲೇ ಕೊಲ್ಲುವುದಿಲ್ಲ. ಅದು ಬಿದ್ದ ಎಲೆ-ಕಾಯಿಯನ್ನು ಹುಳ ಸರಿಯಾಗಿ ತಿನ್ನುವುದಿಲ್ಲ. ತಿಂದರೂ ಅದಕ್ಕೆ ಪೊರೆ ಬಿಡಲು ಆಗುವುದಿಲ್ಲ, ಬೆಳೆಯಲಾರದೆ ಸಾಯುತ್ತದೆ. ಹೊಡೆದ ಮರುದಿನ ಹೋಗಿ ನೋಡಿ "ಹುಳ ಹಂಗೇ ಅದಾವ, ಇದು ಕೆಲಸಕ್ಕ ಬರಲ್ಲ" ಅನ್ನಬ್ಯಾಡ್ರಿ. ನಾಲ್ಕೈದು ದಿನ ತಾಳ್ಮೆ ಬೇಕು.

ಬೀಜ ಕೂಡಿಸುವ ಕ್ರಮ

1. ಜೂನ್-ಜುಲೈನಲ್ಲಿ ಹಳದಿಯಾಗಿ ಉದುರಿದ ಹಣ್ಣು ದಿನಾಲೂ ಆರಿಸಬೇಕು. ಗಿಡದ ಕೆಳಗೆ ಮೊದಲೇ ಕಸ ಗುಡಿಸಿ, ಹಳೇ ಸೀರೆ ಅಥವಾ ತಾಡಪತ್ರಿ ಹಾಸಿದರೆ ಕೆಲಸ ಹಗುರ.

2. ಹಣ್ಣನ್ನು ರಾಶಿ ಹಾಕಿ ಬಿಡಬಾರದು. ಮಳೆಗಾಲದ ಹಸಿಗೆ ಬೂಷ್ಟು ಬರುತ್ತದೆ. ಒಂದೆರಡು ದಿನದೊಳಗೆ ನೀರಿನಲ್ಲಿ ತಿಕ್ಕಿ ತಿರುಳು ತೆಗೆದು ತೊಳೆಯಬೇಕು.

3. ನೆರಳಿನಲ್ಲಿ, ಗಾಳಿ ಆಡುವ ಕಡೆ ತೆಳ್ಳಗೆ ಹರವಿ ಒಣಗಿಸಬೇಕು. ಉರಿ ಬಿಸಿಲಿಗೆ ಹಾಕಿದರೆ ಔಷಧದ ಅಂಶ ಕಡಿಮೆಯಾಗುತ್ತದೆ.

4. ಗೋಣಿ ಚೀಲದಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲ ಬೇಡ.

ಮೂರು ತಿಂಗಳಿನಿಂದ ಎಂಟು ತಿಂಗಳವರೆಗಿನ ಬೀಜ ಕಷಾಯಕ್ಕೆ ಒಳ್ಳೆಯದು. ಲೆಕ್ಕ ಹಾಕಿ ನೋಡ್ರಿ: ಜುಲೈನಲ್ಲಿ ಕೂಡಿಟ್ಟ ಬೀಜ ಅಕ್ಟೋಬರ್-ನವೆಂಬರ್‌ನಲ್ಲಿ ತೊಗರಿ ಹೂ-ಕಾಯಿ ಬಿಡುವಾಗ ಸರಿಯಾಗಿ ತಯಾರಾಗಿರುತ್ತದೆ. ಹುಳ ಬರುವ ಹೊತ್ತಿಗೆ ಔಷಧವೂ ಮನೆಯಲ್ಲೇ ತಯಾರು.

ಕಷಾಯ ಮಾಡುವ ವಿಧಾನ

ಸಿಪ್ಪೆ ತೆಗೆದ ಬೀಜದ ತಿರುಳು 5 ಕೆ.ಜಿ. ತೆಗೆದುಕೊಂಡು ದಪ್ಪಗೆ ಕುಟ್ಟಿರಿ. 10 ಲೀಟರ್ ನೀರಿನಲ್ಲಿ ಒಂದು ರಾತ್ರಿ ನೆನೆ ಇಡಿರಿ. ಬೆಳಿಗ್ಗೆ ಚೆನ್ನಾಗಿ ಕಲಕಿ, ಎರಡು ಪದರ ತೆಳು ಬಟ್ಟೆಯಲ್ಲಿ ಸೋಸಿರಿ. ಸುಮಾರು 200 ಗ್ರಾಂ ಸಾಬೂನು ಪುಡಿಯನ್ನು ಕರಗಿಸಿ ಹಾಕಿರಿ, ಇದರಿಂದ ಕಷಾಯ ಎಲೆಗೆ ಅಂಟುತ್ತದೆ. ಉಳಿದ ನೀರು ಸೇರಿಸಿ ಒಟ್ಟು 100 ಲೀಟರ್ ಮಾಡಿರಿ. ಬೆಳೆದ ತೊಗರಿಗೆ ಎಕರೆಗೆ ಇದರ ಎರಡರಷ್ಟು ಬೇಕಾಗುತ್ತದೆ. ಸಂಜೆ ಬಿಸಿಲು ಇಳಿದ ಮೇಲೆ ಹೊಡೆಯಿರಿ, ಮಾಡಿದ ದಿನವೇ ಹೊಡೆಯಿರಿ. ಹೂ ಮೊಗ್ಗಿನ ಹೊತ್ತಿಗೆ, ಮೊಟ್ಟೆ ಮತ್ತು ಸಣ್ಣ ಮರಿಹುಳ ಕಂಡ ಕೂಡಲೇ ಹೊಡೆದರೆ ಫಲ ಹೆಚ್ಚು. ಬೆರಳುದ್ದ ಬೆಳೆದ ಹುಳಕ್ಕೆ ಬೇವು ಒಂದೇ ಸಾಲದು. ಆಗ ಗಿಡ ಅಲ್ಲಾಡಿಸಿ ಆರಿಸಬೇಕು, ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಬೇಕು.

ಒಂದು ಎಚ್ಚರಿಕೆ: ಬೇವು ನಮ್ಮದೇ ಗಿಡ ಎಂದು ಬೇವಿನ ಎಣ್ಣೆಯನ್ನು ಕೂಸುಗಳಿಗೆ ಕುಡಿಸಬಾರದು. ಅದರಿಂದ ಮಕ್ಕಳಿಗೆ ಫಿಟ್ಸ್ ಬಂದು ಜೀವಕ್ಕೆ ಅಪಾಯ ಆಗಿರುವುದುಂಟು. ಗರ್ಭಿಣಿಯರೂ ಕುಡಿಯಬಾರದು.

ಬೀಜದ ಬೆಲೆ ಯಾರಿಗೆ ಗೊತ್ತು?

ನಾವು ಬಿಟ್ಟಿ ಎಂದುಕೊಂಡದ್ದನ್ನು ಹೊರಗಿನವರು ಬಂಗಾರದಂತೆ ನೋಡುತ್ತಾರೆ. ಅಮೆರಿಕದ ಒಂದು ಕಂಪನಿ ಮತ್ತು ಅಲ್ಲಿಯ ಕೃಷಿ ಇಲಾಖೆ ಸೇರಿ ಬೇವಿನ ಎಣ್ಣೆಯ ಶಿಲೀಂಧ್ರನಾಶಕಕ್ಕೆ ಯೂರೋಪಿನಲ್ಲಿ ಪೇಟೆಂಟ್ ಪಡೆದಿದ್ದವು. ಇದು ಭಾರತದ ರೈತರಿಗೆ ಮೊದಲೇ ಗೊತ್ತಿದ್ದ ವಿದ್ಯೆ ಎಂದು ವಂದನಾ ಶಿವ ಮತ್ತು ಅವರ ಸಂಗಡಿಗರು ಹೋರಾಡಿದರು. 2000ದಲ್ಲಿ ಆ ಪೇಟೆಂಟ್ ರದ್ದಾಯಿತು, ಮೇಲ್ಮನವಿಯಲ್ಲೂ 2005ರಲ್ಲಿ ನಮ್ಮ ಕಡೆಗೇ ತೀರ್ಪು ಬಂತು. ಗೆದ್ದದ್ದು ನಮ್ಮ ಅಜ್ಜಿಯರ ತಿಳಿವಳಿಕೆ. ಕಾಳಿನ ಚೀಲದಲ್ಲಿ ಬೇವಿನ ಎಲೆ ಹಾಕುವುದನ್ನು ಅವರಿಗೆ ಯಾವ ಕಂಪನಿಯೂ ಕಲಿಸಲಿಲ್ಲ.

2015ರಲ್ಲಿ ಕೇಂದ್ರ ಸರಕಾರ ದೇಶದಲ್ಲಿ ತಯಾರಾಗುವ ಎಲ್ಲ ಯೂರಿಯಾಕ್ಕೂ ಬೇವಿನ ಎಣ್ಣೆ ಲೇಪನ ಕಡ್ಡಾಯ ಮಾಡಿತು. ಲೇಪನ ಇದ್ದರೆ ಯೂರಿಯಾ ನಿಧಾನಕ್ಕೆ ಕರಗಿ ಬೆಳೆಗೆ ಸಿಗುತ್ತದೆ. ಇದರಿಂದ ಬೇವಿನ ಬೀಜಕ್ಕೆ ಬೇಡಿಕೆ ಹೆಚ್ಚಿತು. ಗುಜರಾತಿನ ಸರಕಾರಿ ಪಾಲಿನ ರಸಗೊಬ್ಬರ ಕಂಪನಿಯೊಂದು ಹಳ್ಳಿಯ ಹೆಣ್ಣುಮಕ್ಕಳಿಂದ ಬೀಜ ಕೊಂಡು, ಅದರಿಂದ ಎಣ್ಣೆ, ಸಾಬೂನು ಮಾಡುವ ಕೆಲಸ ನಡೆಸಿತು. ನಮ್ಮಲ್ಲಿ ಹೆಚ್ಚಾಗಿ ಏನಾಗುತ್ತದೆ? ಒಬ್ಬೊಬ್ಬರೇ ಐದು-ಹತ್ತು ಕಿಲೋ ಆರಿಸಿ, ಹಸಿಯಾಗಿಯೇ ಊರಿಗೆ ಬಂದ ವ್ಯಾಪಾರಿಗೆ ಅವನು ಹೇಳಿದ ರೇಟಿಗೆ ಕೊಡುತ್ತೇವೆ. ಅವನು ತೂಕದಲ್ಲೂ ತಿನ್ನುತ್ತಾನೆ, ಹಸಿ ಎಂದು ಹೇಳಿ ಬೆಲೆಯಲ್ಲೂ ತಿನ್ನುತ್ತಾನೆ. ಸಂಘದ ಹೆಸರಿನಲ್ಲಿ ಒಣಗಿಸಿ, ಒಂದು ಕಡೆ ಕೂಡಿಸಿ, ಎರಡು ಮೂರು ಕಡೆ ರೇಟು ಕೇಳಿ ಮಾರಿದರೆ ಮಾತು ನಮ್ಮದಾಗುತ್ತದೆ.

ಕಡಿಯುವ ಮೊದಲು ಒಂದು ಮಾತು

ಮಗಳ ಮದುವೆ, ದವಾಖಾನೆ ಖರ್ಚು, ಸಾವುಕಾರನ ಕಾಟ. ಇಂಥ ಹೊತ್ತಿನಲ್ಲೇ ಕಟ್ಟಿಗೆ ವ್ಯಾಪಾರಿ ಬಾಗಿಲಿಗೆ ಬರುತ್ತಾನೆ. ಮೂವತ್ತು-ನಲವತ್ತು ವರ್ಷದ ಗಿಡ ಅರ್ಧ ದಿನದಲ್ಲಿ ಟ್ರ್ಯಾಕ್ಟರ್ ಏರುತ್ತದೆ. ಪಹಣಿ ಗಂಡಸರ ಹೆಸರಿನಲ್ಲಿ ಇರುವುದರಿಂದ ಹೆಣ್ಣುಮಕ್ಕಳನ್ನು ಯಾರೂ ಕೇಳುವುದಿಲ್ಲ. ಆದರೆ ಆ ಗಿಡದ ಬೀಜ ಆರಿಸುವವರು, ನೆರಳಲ್ಲಿ ಬುತ್ತಿ ಬಿಚ್ಚುವವರು ಹೆಣ್ಣುಮಕ್ಕಳೇ. ಬೇವು ಹಚ್ಚಿದ ಮೂರರಿಂದ ಐದು ವರ್ಷಕ್ಕೆ ಕಾಯಿ ಬಿಡಲು ಶುರು ಮಾಡುತ್ತದೆ. ಬೆಳೆದ ಗಿಡ ವರ್ಷಕ್ಕೆ 30ರಿಂದ 50 ಕಿಲೋ ಹಣ್ಣು ಕೊಡುತ್ತದೆ. ನೂರು ವರ್ಷಕ್ಕೂ ಮೇಲೆ ಬದುಕಬಲ್ಲದು. ಗಿಡ ಅಸಲು, ಬೀಜ ಬಡ್ಡಿ. ಅಸಲನ್ನೇ ತಿಂದವರು ಮುಂದೆ ಏನು ತಿನ್ನಬೇಕು? ಇಂಥ ಕಷ್ಟ ಬಂದ ಮನೆಗೆ ಸಂಘವೇ ತುರ್ತು ಸಾಲ ಕೊಟ್ಟರೆ ಗಿಡ ಉಳಿಯುತ್ತದೆ.

"ಗಿಡದ ನೆರಳಿಗೆ ಬೆಳೆ ಬರಲ್ಲ" ಎನ್ನುವ ಮಾತೂ ಸುಳ್ಳಲ್ಲ. ಅದಕ್ಕೆ ಉಪಾಯ ಇದೆ. ಬಂಡಿ ದಾರಿ ಕಡೆಯ ಬದುವಿಗೆ ಹಚ್ಚಿರಿ, 15-20 ಅಡಿ ಅಂತರ ಇರಲಿ, ಕೆಳಗಿನ ಕೊಂಬೆಗಳನ್ನು ವರ್ಷಕ್ಕೊಮ್ಮೆ ಸವರಿರಿ. ಸವರಿದ ಸೊಪ್ಪು ಆಡಿಗೆ, ಕೊಂಬೆ ಒಲೆಗೆ.

ಇನ್ನೊಂದು ವಿಷಯ. 2021ರಲ್ಲಿ ನಮ್ಮ ನೆರೆಯ ತೆಲಂಗಾಣದಲ್ಲಿ ಬೇವಿನ ಗಿಡಗಳು ತುದಿಯಿಂದ ಒಣಗುತ್ತಾ ಬಂದವು. ಅದು ಶಿಲೀಂಧ್ರದ ರೋಗ. ಜನ ಗಾಬರಿಯಾದರು. ಆದರೆ ಬಹಳಷ್ಟು ಗಿಡ ಮತ್ತೆ ಚಿಗುರಿದವು. ಆದ್ದರಿಂದ ಕೊಂಬೆ ಒಣಗಿತು ಎಂದು ಬುಡಕ್ಕೆ ಕೊಡಲಿ ಹಾಕಬೇಡಿ. ಒಣಗಿದ ತುದಿ ಸವರಿ, ಒಂದು ವರ್ಷ ಕಾಯಿರಿ.

ಸಂಘಗಳು ಏನು ಮಾಡಬಹುದು?

ದಿವಂಗತ ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ "ಲೌದಾತೋ ಸಿ" ಎಂಬ ಪರಿಪತ್ರ ಬರೆದು, ಈ ಭೂಮಿ ನಮ್ಮೆಲ್ಲರ ಒಂದೇ ಮನೆ, ಬಡವರ ಗೋಳು ಮತ್ತು ಭೂಮಿಯ ಗೋಳು ಎರಡನ್ನೂ ಕೂಡಿಯೇ ಕೇಳಬೇಕು ಎಂದು ತಿಳಿಸಿದರು. ಮನೆ ನೋಡಿಕೊಳ್ಳುವುದು ಹೆಣ್ಣುಮಕ್ಕಳಿಗೆ ಹೇಳಿಕೊಡುವ ವಿಷಯ ಅಲ್ಲ. ಜಾತಿ-ಧರ್ಮದ ಭೇದವಿಲ್ಲದೆ ಎಲ್ಲ ಸಂಘಗಳೂ ಈ ಕೆಲಸ ಮಾಡಬಹುದು:

1. ಊರಿನ ಮತ್ತು ಬದುವಿನ ಬೇವಿನ ಗಿಡ ಎಣಿಸಿ, ನಡಾವಳಿ ಪುಸ್ತಕದಲ್ಲಿ ಬರೆದಿಡಿರಿ.

2. ಜೂನ್ ಮೊದಲ ವಾರದ ಸಭೆಯಲ್ಲಿ ಬೀಜ ಕೂಡಿಸುವ ಠರಾವು ಮಾಡಿರಿ. ತಕ್ಕಡಿ, ಗೋಣಿ ಚೀಲ, ಇಡುವ ಜಾಗ ಮೊದಲೇ ಗೊತ್ತು ಮಾಡಿರಿ.

3. ಕೂಡಿಸಿದ ಬೀಜದಲ್ಲಿ ಮೊದಲ ಪಾಲು ಸದಸ್ಯರ ತೊಗರಿಗೆ. ಉಳಿದದ್ದು ಮಾರಾಟಕ್ಕೆ.

4. ಬೇವಿನ ಬೀಜ ಬೇಗ ಮೊಳಕೆ ಶಕ್ತಿ ಕಳೆದುಕೊಳ್ಳುತ್ತದೆ. ಸಸಿಗೆ ಬೇಕಾದ ಬೀಜವನ್ನು ತಿರುಳು ತೆಗೆದ ಎರಡು ವಾರದೊಳಗೆ ಊರಿರಿ. ಒಂದು ವರ್ಷ ಚೀಲದಲ್ಲಿ ಬೆಳೆಸಿ ಮುಂದಿನ ಮಳೆಗೆ ಹಚ್ಚಿರಿ. ಆಡು ತಿನ್ನದಂತೆ ಜಾಲಿ ಮುಳ್ಳಿನ ಬೇಲಿ ಹಾಕಿ, ಎರಡು ಬೇಸಿಗೆ ಗಡಿಗೆ ನೀರು ಹಾಕಿದರೆ ಸಾಕು. ಆಮೇಲೆ ಅದೇ ನಮ್ಮನ್ನು ನೋಡಿಕೊಳ್ಳುತ್ತದೆ.

5. ರಸ್ತೆ ಬದಿಯ, ಶಾಲೆಯ, ಸರಕಾರಿ ಜಾಗದ ಗಿಡವನ್ನು ಅನುಮತಿ ಇಲ್ಲದೆ ಕಡಿಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಕಡಿಯಲು ಬಂದವರಿಗೆ ಕಾಗದ ತೋರಿಸು ಎಂದು ಕೇಳುವ ಹಕ್ಕು ನಿಮಗಿದೆ. ಗ್ರಾಮಸಭೆಯಲ್ಲೂ ಈ ವಿಷಯ ಎತ್ತಿರಿ.

ಗೌರಾ ದೇವಿ ಅವರ ಕೈಯಲ್ಲಿ ಹಣ ಇರಲಿಲ್ಲ, ಅಧಿಕಾರ ಇರಲಿಲ್ಲ. ಅವರ ಬೆನ್ನಿಗೆ ಸಂಘ ಇತ್ತು. ನಮಗೂ ಅದ. ಈ ಮಳೆಗಾಲದಲ್ಲಿ ನಮ್ಮ ಒಂದೊಂದು ಸಂಘದ ಮನೆಯಲ್ಲೂ ಒಂದು ಚೀಲ ಬೇವಿನ ಬೀಜ ಇರಲಿ. ಎಲ್ಲರಿಗೂ ಒಳ್ಳೆಯದಾಗಲಿ.

ಸಂಘದ ಸಭೆಯಲ್ಲಿ ಚರ್ಚಿಸಿರಿ

1. ಕಳೆದ ವರ್ಷ ನಮ್ಮ ಸದಸ್ಯರು ತೊಗರಿಗೆ ಎಣ್ಣೆ ಹೊಡೆಯಲು ಒಟ್ಟು ಎಷ್ಟು ಖರ್ಚು ಮಾಡಿದರು? ಅದರಲ್ಲಿ ಸಾಲ ಎಷ್ಟು?

2. ಹತ್ತು ವರ್ಷದ ಹಿಂದೆ ನಮ್ಮ ಊರಿನಲ್ಲಿ ಇದ್ದ ಯಾವ ಯಾವ ದೊಡ್ಡ ಗಿಡಗಳು ಈಗ ಇಲ್ಲ? ಯಾಕೆ ಕಡಿದರು?

3. ಮನೆಯ ಗಿಡ ಮಾರುವಾಗ ನಮ್ಮನ್ನು ಕೇಳುತ್ತಾರೆಯೇ? ಕೇಳುವಂತೆ ಮಾಡಲು ಏನು ಮಾಡಬೇಕು?